ಮೃದುಶಕ್ತಿ: ರಾಷ್ಟ್ರಗಳ ಆಕರ್ಷಣೆಯ ಬಲ ಮತ್ತು ಭಾರತದ ಅನುಭವ

ಒಂದು ದೇಶವು ಸೇನೆಯ ಬೆದರಿಕೆಯನ್ನಾಗಲಿ ಹಣದ ಆಮಿಷವನ್ನಾಗಲಿ ಒಡ್ಡದೆ, ತನ್ನ ಸಂಸ್ಕೃತಿ, ರಾಜಕೀಯ ಆದರ್ಶ ಮತ್ತು ನಡವಳಿಕೆಗಳ ಮೂಲಕ ಇತರ ದೇಶಗಳ ಜನರಲ್ಲೂ ಸರ್ಕಾರಗಳಲ್ಲೂ ಒಲವು ಹುಟ್ಟಿಸಿ, ತಾನು ಬಯಸಿದ್ದನ್ನು ಅವರೂ ತಾವಾಗಿಯೇ ಬಯಸುವಂತೆ ಮಾಡುವ ಸಾಮರ್ಥ್ಯವನ್ನು ಅಂತಾರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಮೃದುಶಕ್ತಿ ಎಂದು ಕರೆಯಲಾಗುತ್ತದೆ. ಸೇನಾಬಲ, ಆರ್ಥಿಕ ನಿರ್ಬಂಧ, ಧನಸಹಾಯ ಮೊದಲಾದವುಗಳನ್ನು ಒಟ್ಟಾಗಿ ಕಠಿಣ ಶಕ್ತಿ ಎನ್ನುವುದು ವಾಡಿಕೆ. ಇವೆರಡನ್ನು ಪರಸ್ಪರ ವಿರುದ್ಧವೆಂಬಂತೆ ವಿವರಿಸಿದರೂ ವ್ಯವಹಾರದಲ್ಲಿ ಇವು ಬೆರೆತೇ ಇರುತ್ತವೆ. ನೆರೆಯ ದೇಶಕ್ಕೆ ಆಸ್ಪತ್ರೆ ಕಟ್ಟಿಸಿಕೊಡುವ ಸರ್ಕಾರ ಹಣವನ್ನೇ ಖರ್ಚು ಮಾಡುತ್ತದೆ, ಆದರೆ ಆ ಆಸ್ಪತ್ರೆಯಲ್ಲಿ ಮಗುವಿನ ಜೀವ ಉಳಿಸಿಕೊಂಡ ತಾಯಿಯ ಮನಸ್ಸಿನಲ್ಲಿ ಉಳಿಯುವುದು ಹಣಕ್ಕಿಂತ ಬೇರೆಯದೊಂದು ಭಾವ. ಈ ಭಾವವನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಸೃಷ್ಟಿಸಲಾರದು. ಅದು ಸಮಾಜದ ಒಳಗೆ ದಶಕಗಳ ಕಾಲ ಕೂಡಿಬರುವಂಥದು. ಸರ್ಕಾರ ಅದಕ್ಕೆ ದಾರಿಯನ್ನೂ ಸಂಸ್ಥೆಯನ್ನೂ ಒದಗಿಸಬಲ್ಲುದು, ತನ್ನ ನಡವಳಿಕೆಯಿಂದ ಅದನ್ನು ಕೆಡಿಸಿಕೊಳ್ಳಲೂ ಬಲ್ಲುದು. ಭಾರತದ ಅನುಭವದಲ್ಲಿ ಇವೆರಡಕ್ಕೂ ಸ್ಪಷ್ಟವಾದ ನಿದರ್ಶನಗಳಿವೆ.

ಪರಿಕಲ್ಪನೆಯ ಹಿನ್ನೆಲೆ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ 1990ರಲ್ಲಿ ಪ್ರಕಟವಾದ ‘ಬೌಂಡ್ ಟು ಲೀಡ್’ ಎಂಬ ಗ್ರಂಥದಲ್ಲಿ ಈ ಪರಿಭಾಷೆಯನ್ನು ರೂಪಿಸಿದರು. ಇತಿಹಾಸಕಾರ ಪಾಲ್ ಕೆನಡಿ 1987ರಲ್ಲಿ ಮಹಾಶಕ್ತಿಗಳ ಏಳುಬೀಳುಗಳನ್ನು ಕುರಿತು ಬರೆದ ಪುಸ್ತಕದ ನಂತರ ಅಮೆರಿಕದ ಪ್ರಾಬಲ್ಯ ಇಳಿಮುಖವಾಗುತ್ತಿದೆ ಎಂಬ ವಾದ ಬಲಗೊಂಡಿತ್ತು. ಸೈನ್ಯ ಮತ್ತು ಉತ್ಪಾದನೆಗಳ ಲೆಕ್ಕದಲ್ಲಿ ಮಾತ್ರ ಶಕ್ತಿಯನ್ನು ಅಳೆದರೆ ವಿಶ್ವವಿದ್ಯಾಲಯ, ಚಲನಚಿತ್ರ, ಸಂವಿಧಾನದ ಮೌಲ್ಯ ಇವುಗಳಿಂದ ಬರುವ ಪ್ರಭಾವ ಲೆಕ್ಕಕ್ಕೆ ಸಿಗದೆ ಹೋಗುತ್ತದೆ ಎಂಬುದು ಅದಕ್ಕೆ ನೈ ನೀಡಿದ ಉತ್ತರವಾಗಿತ್ತು. ಆಲೋಚನೆ ಅದಕ್ಕಿಂತ ಹಳೆಯದು. ಬ್ರಿಟಿಷ್ ವಿದ್ವಾಂಸ ಇ. ಎಚ್. ಕಾರ್ 1939ರಲ್ಲಿಯೇ ಸೇನಾಶಕ್ತಿ ಮತ್ತು ಆರ್ಥಿಕ ಶಕ್ತಿಗಳ ಜೊತೆಗೆ ಜನಾಭಿಪ್ರಾಯದ ಮೇಲಿನ ಹಿಡಿತವನ್ನೂ ಶಕ್ತಿಯ ಮೂರನೆಯ ರೂಪವಾಗಿ ಗುರುತಿಸಿದ್ದರು. ಆಳುವ ವರ್ಗ ಬಲಪ್ರಯೋಗದಿಂದಲ್ಲದೆ ಸಮ್ಮತಿಯಿಂದಲೂ ಆಳುತ್ತದೆ ಎಂಬ ವಿವೇಚನೆಯನ್ನು ಇಟಲಿಯ ಚಿಂತಕ ಗ್ರಾಮ್ಶಿ ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ ಬೆಳೆಸಿದ್ದರು. ಅಶೋಕನ ಹದಿಮೂರನೆಯ ಬೃಹತ್ ಶಿಲಾಶಾಸನವು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳಿ ಧರ್ಮದಿಂದ ಗಳಿಸಿದ ವಿಜಯವೇ ಶ್ರೇಷ್ಠವೆಂದು ಸಾರುವುದನ್ನು ಭಾರತೀಯ ಲೇಖಕರು ಈ ಸಂದರ್ಭದಲ್ಲಿ ನೆನೆಯುವುದುಂಟು. ಆದರೆ ರಾಷ್ಟ್ರಪ್ರಭುತ್ವಗಳ ಕಾಲದ ಪರಿಕಲ್ಪನೆಯೊಂದನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನ ಸಾಮ್ರಾಜ್ಯದ ಮೇಲೆ ಹೊರಿಸುವಾಗ ಎಚ್ಚರ ಬೇಕು.

ನೈ ಅವರ ಪ್ರಕಾರ ಮೃದುಶಕ್ತಿಗೆ ಮೂರು ಮೂಲಗಳಿವೆ. ಸಂಸ್ಕೃತಿ, ರಾಜಕೀಯ ಮೌಲ್ಯ, ವಿದೇಶಾಂಗ ನೀತಿ ಎಂಬ ಈ ಮೂರಕ್ಕೂ ಅವರು ಒಂದೊಂದು ಷರತ್ತನ್ನು ಸೇರಿಸಿದ್ದಾರೆ, ಮತ್ತು ಇಡೀ ಸಿದ್ಧಾಂತದ ಸತ್ವ ಇರುವುದು ಈ ಷರತ್ತುಗಳಲ್ಲಿಯೇ: ಸಂಸ್ಕೃತಿಯು ಕೇಳುವವರಿಗೆ, ನೋಡುವವರಿಗೆ ಹಿತವೆನಿಸಬೇಕು, ಮೌಲ್ಯಗಳನ್ನು ಆ ದೇಶ ತನ್ನ ಮನೆಯೊಳಗೂ ಹೊರಗೂ ಪಾಲಿಸುತ್ತಿರಬೇಕು, ವಿದೇಶಾಂಗ ನೀತಿಯು ಇತರರ ಕಣ್ಣಿಗೆ ನ್ಯಾಯಸಮ್ಮತವಾಗಿ ಕಾಣಬೇಕು. ಪ್ರಾಚೀನ ದೇವಾಲಯಗಳು, ಶಾಸ್ತ್ರೀಯ ಸಂಗೀತ, ಅಡುಗೆ ಇವೆಲ್ಲ ಸಂಪನ್ಮೂಲಗಳು ಮಾತ್ರ. ಅವು ಇನ್ನೊಂದು ದೇಶದ ನಿರ್ಧಾರದ ಮೇಲೆ ಪರಿಣಾಮ ಬೀರಿದಾಗ ಶಕ್ತಿಯಾಗುತ್ತವೆ. ಸಂಪನ್ಮೂಲವನ್ನೇ ಶಕ್ತಿಯೆಂದು ಭಾವಿಸುವುದು ಈ ವಿಷಯದ ಬಗೆಗಿನ ಭಾರತೀಯ ಬರವಣಿಗೆಯಲ್ಲಿ ಪದೇಪದೇ ಕಾಣುವ ದೋಷ.

ಇತರ ದೇಶಗಳ ದಾರಿ

ಸಂಸ್ಥೆಗಳನ್ನು ಕಟ್ಟಿ ಪ್ರಭಾವ ಬೆಳೆಸುವ ಪದ್ಧತಿ ಯುರೋಪಿನಲ್ಲಿ ಆರಂಭವಾಯಿತು. ಪ್ರಷ್ಯದ ಎದುರು ಸೋತು ಸೇನಾ ಪ್ರತಿಷ್ಠೆಯನ್ನು ಕಳೆದುಕೊಂಡಿದ್ದ ಫ್ರಾನ್ಸಿನಲ್ಲಿ 1883ರಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಹುಟ್ಟಿ ಫ್ರೆಂಚ್ ಭಾಷೆಯ ಕಲಿಕೆಯನ್ನು ದೇಶದೇಶಗಳಿಗೆ ಒಯ್ದಿತು. ಬ್ರಿಟಿಷ್ ಕೌನ್ಸಿಲ್ 1934ರಲ್ಲಿಯೂ, ಯುದ್ಧದಲ್ಲಿ ಹೆಸರು ಕೆಡಿಸಿಕೊಂಡಿದ್ದ ಜರ್ಮನಿಯ ಗಯಟೆ ಸಂಸ್ಥೆ 1951ರಲ್ಲಿಯೂ ಸ್ಥಾಪನೆಯಾದವು. ಈ ಕೊನೆಯ ಸಂಸ್ಥೆಯ ಭಾರತೀಯ ಶಾಖೆಗಳು ಮ್ಯಾಕ್ಸ್ ಮುಲ್ಲರ್ ಭವನವೆಂಬ ಹೆಸರಿನಲ್ಲಿ ಪರಿಚಿತವಾಗಿದ್ದು, ಬೆಂಗಳೂರಿನ ಶಾಖೆ ಅಲ್ಲಿನ ರಂಗಭೂಮಿ ಮತ್ತು ಚಲನಚಿತ್ರ ವಲಯಗಳಿಗೆ ಹಲವು ದಶಕಗಳಿಂದ ಹತ್ತಿರದ್ದಾಗಿದೆ. ಅಮೆರಿಕವು ಯುದ್ಧಾನಂತರ ಉಳಿದ ಸರಕುಗಳ ಮಾರಾಟದ ಹಣದಿಂದ 1946ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಶೀತಲ ಸಮರದ ಕಾಲದಲ್ಲಿ ತನ್ನ ಜಾಸ್ ಸಂಗೀತಗಾರರನ್ನು ದೂತರಂತೆ ವಿದೇಶಗಳಿಗೆ ಕಳಿಸಿತು. ಈ ಯೋಜನೆಯ ಮಿತಿ ಬೇಗನೆ ಬಯಲಾಯಿತು. ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್ ನಗರದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಶಾಲೆಯ ಬಾಗಿಲು ಮುಚ್ಚಿದ ಘಟನೆಯನ್ನು ಪ್ರತಿಭಟಿಸಿ ಲೂಯಿ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಸರ್ಕಾರದ ಪರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋಗಲು ಒಪ್ಪಲಿಲ್ಲ. ಆ ನಿರಾಕರಣೆಯೇ, ಮಾತನಾಡುವ ಸ್ವಾತಂತ್ರ್ಯವಿರುವ ದೇಶದ ಕಲಾವಿದನದೆಂಬ ಕಾರಣಕ್ಕೆ, ಒಂದು ಬಗೆಯ ಗೌರವವನ್ನು ಗಳಿಸಿತು ಎಂಬುದನ್ನೂ ಮರೆಯುವಂತಿಲ್ಲ.

ಇತ್ತೀಚಿನ ನಿದರ್ಶನಗಳಲ್ಲಿ ದಕ್ಷಿಣ ಕೊರಿಯಾದ್ದು ಹೆಚ್ಚು ಚರ್ಚಿತವಾದುದು. ಕಿಮ್ ಡೇ-ಜುಂಗ್ 1998ರಲ್ಲಿ ಅಧ್ಯಕ್ಷರಾದ ಮೇಲೆ ಸಾಂಸ್ಕೃತಿಕ ಉದ್ಯಮಗಳಿಗೆ ಕಾನೂನಿನ ಬೆಂಬಲವೂ ಸರ್ಕಾರದ ಹಣವೂ ದೊರೆತು, ‘ವಿಂಟರ್ ಸೊನಾಟ’ ಧಾರಾವಾಹಿ ಜಪಾನಿನಲ್ಲಿ, ಅನಂತರ ಪಾಪ್ ಸಂಗೀತ ಮತ್ತು ಸಿನಿಮಾ ಜಗತ್ತಿನೆಲ್ಲೆಡೆ ಜನಪ್ರಿಯವಾದವು. ‘ಪ್ಯಾರಸೈಟ್’ ಚಿತ್ರಕ್ಕೆ 2020ರಲ್ಲಿ ಆಸ್ಕರ್, ಲೇಖಕಿ ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಬಂದವು. ಸರ್ಕಾರಿ ಯೋಜನೆಯ ಫಲವೆಂದು ಇದನ್ನು ಹೊಗಳುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ: 1987ರ ಜನಾಂದೋಲನವು ಸೈನಿಕ ಆಡಳಿತಕ್ಕೆ ಮಂಗಳ ಹಾಡಿತು, 1996ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಚಲನಚಿತ್ರಗಳ ಪೂರ್ವ ಸೆನ್ಸಾರನ್ನು ಸಂವಿಧಾನಬಾಹಿರವೆಂದಿತು. ಈ ಬಿಡುಗಡೆ ಇಲ್ಲದಿದ್ದರೆ ಹಣ ಎಷ್ಟು ಸುರಿದರೂ ತನ್ನ ದೇಶದ ಬಡತನ ಮತ್ತು ವರ್ಗಭೇದವನ್ನು ನಿರ್ಭಿಡೆಯಿಂದ ತೋರಿಸುವ ‘ಪ್ಯಾರಸೈಟ್’ನಂಥ ಚಿತ್ರ ಹುಟ್ಟುತ್ತಿರಲಿಲ್ಲ. ಚೀನಾದ ಕತೆ ಇದಕ್ಕೆ ವ್ಯತಿರಿಕ್ತವಾದುದು. ಹು ಜಿಂಟಾವೊ 2007ರ ಪಕ್ಷದ ಮಹಾಧಿವೇಶನದಲ್ಲಿ ಮೃದುಶಕ್ತಿಯನ್ನು ರಾಷ್ಟ್ರೀಯ ಗುರಿಯೆಂದು ಘೋಷಿಸಿದರು. 2004ರಿಂದ ನೂರಾರು ಕನ್‌ಫ್ಯೂಷಿಯಸ್ ಸಂಸ್ಥೆಗಳು ವಿದೇಶಗಳಲ್ಲಿ ತೆರೆದವು. ಆದರೆ ಟಿಬೆಟ್, ತೈವಾನ್ ಮೊದಲಾದ ವಿಷಯಗಳ ಚರ್ಚೆಗೆ ಅವು ಅಡ್ಡಿಯೆಂಬ ದೂರು ಬೆಳೆದು ಅಮೆರಿಕ ಮತ್ತು ಯುರೋಪುಗಳಲ್ಲಿ ಹಲವು ಮುಚ್ಚಿಹೋದವು. ಹೀಗೆ ಆಕರ್ಷಣೆಯ ಹೆಸರಿನಲ್ಲಿ ಮಾಹಿತಿಯನ್ನು ತಿರುಚುವ, ಬಾಯಿ ಮುಚ್ಚಿಸುವ ಪ್ರಯತ್ನಗಳನ್ನು ಬೇರೆಯಾಗಿ ಗುರುತಿಸಲು 2017ರಿಂದ ‘ಹರಿತ ಶಕ್ತಿ’ ಎಂಬ ಇನ್ನೊಂದು ಪದ ಚಾಲ್ತಿಗೆ ಬಂದಿದೆ.

ಭಾರತ: ನೈತಿಕ ಧ್ವನಿಯ ಕಾಲ

ಸ್ವತಂತ್ರ ಭಾರತಕ್ಕೆ ಹಣವೂ ಸೇನಾಬಲವೂ ಕಡಿಮೆಯಿದ್ದ ಕಾಲದಲ್ಲಿ ಅದರ ಮಾತಿಗೆ ಬೆಲೆ ಹೆಚ್ಚಿತ್ತು. ಅಹಿಂಸೆಯ ಚಳವಳಿಯಿಂದ ಸಾಮ್ರಾಜ್ಯವೊಂದನ್ನು ಹಿಮ್ಮೆಟ್ಟಿಸಿದ ದೇಶವೆಂಬ ಗೌರವ ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ದಕ್ಷಿಣ ಆಫ್ರಿಕಾದ ವರ್ಣಭೇದದ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟು, ಆ ದೇಶದೊಡನೆ ವ್ಯಾಪಾರವನ್ನು ಕಡಿದುಕೊಂಡದ್ದು, 1947ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಏಷ್ಯಾ ಬಾಂಧವ್ಯ ಸಮ್ಮೇಳನವನ್ನು ಕರೆದದ್ದು, 1955ರ ಬಾಂಡುಂಗ್ ಸಮ್ಮೇಳನದಲ್ಲಿ ಮುಂಚೂಣಿಯಲ್ಲಿದ್ದುದು ಆಫ್ರಿಕಾ ಮತ್ತು ಏಷ್ಯಾಗಳ ಹೊಸ ದೇಶಗಳಲ್ಲಿ ಆ ಗೌರವವನ್ನು ಗಟ್ಟಿಗೊಳಿಸಿದವು.

ಈ ಗೌರವ ಕೆಲಸಕ್ಕೆ ಬಂದ ರೀತಿಯನ್ನು ಕೊರಿಯಾ ಯುದ್ಧದ ಕೊನೆಯ ಅಧ್ಯಾಯದಲ್ಲಿ ಹತ್ತಿರದಿಂದ ಕಾಣಬಹುದು. 1953ರ ಜುಲೈನಲ್ಲಿ ಕದನವಿರಾಮವಾದಾಗ ಸಾವಿರಾರು ಯುದ್ಧಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರನ್ನು ಕಾಯ್ದು, ಎರಡೂ ಕಡೆಯವರ ಮಾತು ಕೇಳಿಸಿ, ಅವರವರ ಇಚ್ಛೆಯನ್ನು ತಿಳಿಯುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ನೇಮಕಗೊಂಡವರು ಕೊಡಗಿನ ಸೇನಾನಿ ಕೆ. ಎಸ್. ತಿಮ್ಮಯ್ಯ. ಕೈದಿಗಳ ಶಿಬಿರಗಳೊಳಗೆ ರಾಜಕೀಯ ಗುಂಪುಗಳ ಹಿಡಿತವಿತ್ತು, ಹೊರಗೆ ಅಮೆರಿಕ ಮತ್ತು ಚೀನಾಗಳ ಒತ್ತಡವಿತ್ತು, ದಕ್ಷಿಣ ಕೊರಿಯಾದ ಸರ್ಕಾರವಂತೂ ಭಾರತದ ಪಾತ್ರವನ್ನೇ ವಿರೋಧಿಸುತ್ತಿತ್ತು. ಇಂಥಲ್ಲಿ ಎರಡು ಬಣಗಳೂ ಒಪ್ಪಬಹುದಾದ ಕಾವಲುಗಾರನನ್ನು ಒದಗಿಸಬಲ್ಲ ದೇಶಗಳು ಆಗ ಬೆರಳೆಣಿಕೆಯಷ್ಟಿದ್ದವು. ಎರಡೂ ಕಡೆಗೆ ಹೋಗಲೊಲ್ಲದ 88 ಕೈದಿಗಳು 1954ರಲ್ಲಿ ಭಾರತೀಯ ಪಡೆಯ ಜೊತೆ ಹಡಗೇರಿ ಭಾರತಕ್ಕೇ ಬಂದರು. ತಿಮ್ಮಯ್ಯ ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಶಾಂತಿಪಾಲನೆಗೆ ಅತಿ ಹೆಚ್ಚು ಸೈನಿಕರನ್ನು ಕಳಿಸುವ ದೇಶಗಳ ಸಾಲಿನಲ್ಲಿ ಭಾರತ ಇಂದಿಗೂ ಇದೆ, 2007ರಲ್ಲಿ ಲೈಬೀರಿಯಾಕ್ಕೆ ಮಹಿಳೆಯರದೇ ಆದ ಪೊಲೀಸ್ ತುಕಡಿಯನ್ನು ಕಳಿಸಿದ್ದೂ ಅದೇ. 1962ರ ಚೀನಾ ಯುದ್ಧದ ಸೋಲು ಮಾತ್ರ ಒಂದು ಪಾಠವನ್ನು ಕಲಿಸಿತು: ನೈತಿಕ ಪ್ರತಿಷ್ಠೆಗೆ ಕಾಯುವ ಬಲದ ಬೆಂಬಲವಿಲ್ಲದಿದ್ದರೆ ಅದು ಒಂದೇ ತಿಂಗಳಲ್ಲಿ ಕುಸಿಯಬಹುದು, ಮತ್ತು ಮೆಚ್ಚಿಕೊಂಡಿದ್ದ ದೇಶಗಳೆಲ್ಲ ಕಷ್ಟಕಾಲದಲ್ಲಿ ಪಕ್ಕದಲ್ಲಿ ನಿಲ್ಲುತ್ತವೆಂದು ಹೇಳಲಾಗದು.

ಸಂಸ್ಥೆಗಳು ಮತ್ತು ತರಬೇತಿ

ಸಾಂಸ್ಕೃತಿಕ ರಾಜತಾಂತ್ರಿಕತೆ, ಅಂದರೆ ಕಲೆ, ಭಾಷೆ, ವಿದ್ಯೆಗಳ ವಿನಿಮಯದ ಮೂಲಕ ದೇಶಗಳ ನಡುವೆ ಸ್ನೇಹ ಬೆಳೆಸುವ ಕೆಲಸಕ್ಕಾಗಿ, ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್ 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ಕಲಾತಂಡಗಳನ್ನು ಕಳಿಸುವುದು, ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ಅಧ್ಯಯನ ಪೀಠಗಳನ್ನು ನಡೆಸುವುದು, ಆಫ್ರಿಕಾ ಮತ್ತು ಏಷ್ಯಾದ ವಿದ್ಯಾರ್ಥಿಗಳಿಗೆ ವೇತನ ನೀಡುವುದು ಅದರ ಮುಖ್ಯ ಕೆಲಸಗಳು. ಇದಕ್ಕಿಂತ ಸದ್ದಿಲ್ಲದೆ, ಆದರೆ ಹೆಚ್ಚು ಆಳವಾಗಿ ಕೆಲಸ ಮಾಡಿದ್ದು 1964ರಲ್ಲಿ ಆರಂಭವಾದ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆ. ಐಟೆಕ್ ಎಂದೇ ಬಳಕೆಯಲ್ಲಿರುವ ಈ ಯೋಜನೆಯಡಿ ಅಭಿವೃದ್ಧಿಶೀಲ ದೇಶಗಳ ಲೆಕ್ಕಪರಿಶೋಧಕರು, ಎಂಜಿನಿಯರುಗಳು, ಗ್ರಾಮೀಣಾಭಿವೃದ್ಧಿ ಅಧಿಕಾರಿಗಳು ಭಾರತದ ಖರ್ಚಿನಲ್ಲಿ ಇಲ್ಲಿನ ಸಂಸ್ಥೆಗಳಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ತರಬೇತಿ ಪಡೆಯುತ್ತಾರೆ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಹಯೋಗದಲ್ಲಿ ಆರಂಭಿಸಿದ ಅಂತಾರಾಷ್ಟ್ರೀಯ ತರಬೇತಿಯೂ ಇದೇ ಜಾತಿಯ ಕೆಲಸ. ಧಾನ್ಯ ಕೆಡದಂತೆ ಇಡುವುದು, ಹಿಟ್ಟಿನ ಗಿರಣಿ ನಡೆಸುವುದು, ಹಣ್ಣನ್ನು ಸಂಸ್ಕರಿಸುವುದು ಇವು ಬಡ ದೇಶಗಳಿಗೆ ದಿನನಿತ್ಯದ ಸಮಸ್ಯೆಗಳು. ಶ್ರೀಮಂತ ದೇಶಗಳ ದುಬಾರಿ ಯಂತ್ರಗಳಿಗಿಂತ ಭಾರತ ತನ್ನದೇ ಬಡತನದಲ್ಲಿ ಕಂಡುಕೊಂಡ ಉಪಾಯಗಳು ಅಲ್ಲಿಗೆ ಹೊಂದಿಕೊಳ್ಳುತ್ತವೆ. ಸ್ಮಾರಕ ಮತ್ತು ಮೂರ್ತಿಗಳ ಉದ್ಘಾಟನೆಗೆ ಸಿಗುವ ಪ್ರಚಾರದ ಒಂದಂಶವೂ ಇಂಥ ತರಬೇತಿಗೆ ಸಿಗುವುದಿಲ್ಲ.

ಸಿನಿಮಾ ಯಾರ ಅಪ್ಪಣೆಗೂ ಕಾಯದೆ ಗಡಿ ದಾಟಿತು. ರಾಜ್ ಕಪೂರ್ ಅವರ ‘ಆವಾರಾ’ 1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬಿಡುಗಡೆಯಾಗಿ ಆರು ಕೋಟಿಗೂ ಹೆಚ್ಚು ಪ್ರೇಕ್ಷಕರನ್ನು ಕಂಡಿತೆಂದು ಅಂದಾಜಿದೆ. ಸ್ಟಾಲಿನ್ ಯುಗದ ಬಿಗಿಯಿಂದ ಆಗತಾನೆ ಹೊರಬರುತ್ತಿದ್ದ ಪ್ರೇಕ್ಷಕರಿಗೆ ಬಡವನ ಹಾಡು, ಕಣ್ಣೀರು, ಪ್ರೀತಿ ಹತ್ತಿರವಾದವು. ಪಶ್ಚಿಮ ಆಫ್ರಿಕಾದ ಊರುಗಳಲ್ಲಿ, ಮಧ್ಯ ಏಷ್ಯಾದ ಮನೆಗಳಲ್ಲಿ ಹಿಂದಿ ಹಾಡುಗಳನ್ನು ಅರ್ಥ ತಿಳಿಯದೆಯೂ ಗುನುಗುವ ತಲೆಮಾರುಗಳು ಬೆಳೆದವು, ಮತ್ತು 2017ರಲ್ಲಿ ‘ದಂಗಲ್’ ತವರಿಗಿಂತ ಚೀನಾದಲ್ಲೇ ಹೆಚ್ಚು ಗಳಿಸಿತು. ಆದರೆ ಅದೇ 2017ರ ಬೇಸಿಗೆಯಲ್ಲಿ ಡೋಕ್ಲಾಮ್‌ನಲ್ಲಿ ಎರಡು ದೇಶಗಳ ಸೈನಿಕರು ಎದುರುಬದುರು ನಿಂತಿದ್ದರು. ಚಿತ್ರದ ಗೆಲುವು ಗಡಿಯ ಲೆಕ್ಕಾಚಾರವನ್ನು ಕದಲಿಸಲಿಲ್ಲ.

ಮೈಸೂರಿನಿಂದ ಹೊರಟ ಯೋಗ

ಮೃದುಶಕ್ತಿ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಯೋಗಕ್ಕಿಂತ ಪೂರ್ಣವಾದ ಭಾರತೀಯ ನಿದರ್ಶನವಿಲ್ಲ, ಮತ್ತು ಅದರ ಬಹುಮುಖ್ಯ ಭಾಗ ಕನ್ನಡ ನೆಲದಲ್ಲಿ ನಡೆಯಿತು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯ ನೀಡಿ, 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆಸಿದರು. ಆಸನಗಳನ್ನು ಉಸಿರಾಟದೊಡನೆ ಹೆಣೆದು ಒಂದರ ಹಿಂದೊಂದರಂತೆ ಹರಿಸುವ ಕ್ರಮವನ್ನು ಅವರು ಅಲ್ಲಿ ಹುಡುಗರಿಗೆ ಕಲಿಸಿದರು. ಅರಮನೆಯ ಖರ್ಚಿನಲ್ಲಿ ನಾಡಿನ ಬೇರೆಬೇರೆ ಕಡೆ ಪ್ರಾತ್ಯಕ್ಷಿಕೆಗಳು ನಡೆದವು. 1934ರಲ್ಲಿ ಪ್ರಕಟವಾದ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಬರೆದ ಪುಸ್ತಕ. ರಾಜನಿಗಾಗಲಿ ಗುರುವಿಗಾಗಲಿ ಇದರಿಂದ ವಿದೇಶಗಳಲ್ಲಿ ಪ್ರಭಾವ ಗಳಿಸುವ ಉದ್ದೇಶವೇ ಇರಲಿಲ್ಲ. ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಎಂಬ ಮಹಿಳೆ ಅದೇ ದಶಕದ ಕೊನೆಗೆ ಮೈಸೂರಿನ ಈ ಶಾಲೆಯಲ್ಲಿ ಕಲಿತು, 1947ರಲ್ಲಿ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು. ಕೃಷ್ಣಮಾಚಾರ್ಯರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದರು; ಪಿಟೀಲುವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಅವರ ಶಿಷ್ಯರಾದ ಮೇಲೆ ಯುರೋಪಿನ ಬಾಗಿಲು ತೆರೆಯಿತು, 1966ರ ‘ಲೈಟ್ ಆನ್ ಯೋಗ’ ಹತ್ತಾರು ಭಾಷೆಗಳಿಗೆ ಹೋಯಿತು. ಹಾಸನದ ಕಡೆಯಿಂದ ಬಂದ ಇನ್ನೊಬ್ಬ ಶಿಷ್ಯ ಕೆ. ಪಟ್ಟಾಭಿ ಜೋಯಿಸ್ ಮೈಸೂರಿನಲ್ಲಿಯೇ ಉಳಿದು ಲಕ್ಷ್ಮೀಪುರಂ ಮನೆಯಲ್ಲಿ ಪಾಠ ಹೇಳುತ್ತಿದ್ದರು. 1964ರಲ್ಲಿ ಬೆಲ್ಜಿಯಂನ ಆಂಡ್ರೆ ವಾನ್ ಲಿಸೆಬೆತ್ ಅವರನ್ನು ಹುಡುಕಿಕೊಂಡು ಬಂದ ನಂತರ ಅಮೆರಿಕದ ಯುವಕರೂ ಬಂದರು, 1975ರಲ್ಲಿ ಗುರುವೇ ಕ್ಯಾಲಿಫೋರ್ನಿಯಕ್ಕೆ ಹೋಗಿಬಂದರು.

ಇಂದು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ತಿಂಗಳುಗಟ್ಟಲೆ ಬಾಡಿಗೆಗೆ ಮನೆ ಹಿಡಿದು, ಬೆಳಗಿನ ಜಾವದಲ್ಲಿ ಚಾಪೆ ಹೆಗಲಿಗೇರಿಸಿಕೊಂಡು ಶಾಲೆಗೆ ನಡೆಯುವ ಬ್ರೆಜಿಲ್, ಜಪಾನ್, ಫಿನ್‌ಲ್ಯಾಂಡ್ ದೇಶಗಳ ವಿದ್ಯಾರ್ಥಿಗಳನ್ನು ಕಾಣಬಹುದು. ಎಳನೀರು ಮಾರುವವರಿಂದ ಹಿಡಿದು ಊಟದ ಮನೆ ನಡೆಸುವವರವರೆಗೆ ಅಲ್ಲಿನ ಹಲವರ ಜೀವನ ಇದರ ಮೇಲೆ ನಿಂತಿದೆ. ಎಂಬತ್ತು ವರ್ಷಗಳ ಈ ನಿಧಾನದ ಹರಡುವಿಕೆಯ ಮೇಲೆಯೇ ಭಾರತ ಸರ್ಕಾರದ ರಾಜತಾಂತ್ರಿಕ ಯಶಸ್ಸು ನಿಂತದ್ದು. ಪ್ರಧಾನಿ ನರೇಂದ್ರ ಮೋದಿ 2014ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪ್ರಸ್ತಾಪಿಸಿ, ಮೂರು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 11ರಂದು, ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗ ದಿನವೆಂದು ಸಾರುವ ನಿರ್ಣಯ 177 ದೇಶಗಳ ಸಹಪ್ರಾಯೋಜಕತ್ವದಲ್ಲಿ ಅಂಗೀಕಾರವಾಯಿತು. ಆ ದೇಶಗಳ ಪೈಕಿ ಬಹುತೇಕ ಎಲ್ಲೆಡೆ ಯೋಗ ಕಲಿಸುವ ಕೋಣೆಯೊಂದು ಅಷ್ಟರಲ್ಲಾಗಲೇ ಇದ್ದುದರಿಂದ ಪ್ರತಿನಿಧಿಗಳನ್ನು ಒಪ್ಪಿಸುವ ಶ್ರಮ ಬೇಕಾಗಲಿಲ್ಲ. ಸರ್ಕಾರದ ಜಾಣ್ಮೆ ಇದ್ದದ್ದು ಸಮಯವನ್ನು ಗುರುತಿಸಿದ್ದರಲ್ಲಿ. 2022ರಲ್ಲಿ ದಿನಾಚರಣೆಯ ಮುಖ್ಯ ಕಾರ್ಯಕ್ರಮ ಮೈಸೂರು ಅರಮನೆಯ ಆವರಣದಲ್ಲಿ ನಡೆಯಿತು. ಆದರೂ ಯೋಗವನ್ನು ಪ್ರೀತಿಸುವ ಕೋಟ್ಯಂತರ ಜನರ ಸರ್ಕಾರಗಳು ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಕೊಡಿಸಿಲ್ಲ. ಇಂಥ ಒಲವು ವಾತಾವರಣವನ್ನು ಹದಗೊಳಿಸುತ್ತದೆಯೇ ಹೊರತು ನಿರ್ದಿಷ್ಟ ಮತವೊಂದನ್ನು ತಂದುಕೊಡುವುದು ಅಪರೂಪ.

ನೆರೆಹೊರೆ: ಗಳಿಕೆ ಮತ್ತು ನಷ್ಟ

ಆಶ್ರಯ ನೀಡುವುದೂ ಮೃದುಶಕ್ತಿಯ ಒಂದು ಮೂಲ. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ ಟಿಬೆಟನ್ ನಿರಾಶ್ರಿತರಿಗೆ ಭೂಮಿ ಕೊಡಲು ಮುಂದಾದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಪ್ರಮುಖವಾದುದು. ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ಸೆರಾ, ಡ್ರೆಪುಂಗ್, ಗಾಂಡೆನ್ ಎಂಬ ಮಹಾವಿಹಾರಗಳು ಮತ್ತೆ ತಲೆಯೆತ್ತಿ, ಇಂದು ಭೂತಾನ್ ಮತ್ತು ಮಂಗೋಲಿಯಾದ ಭಿಕ್ಷುಗಳೂ ಅಲ್ಲಿ ಅಧ್ಯಯನ ಮಾಡುತ್ತಾರೆ. ಬೌದ್ಧ ಜಗತ್ತಿನಲ್ಲಿ ಭಾರತಕ್ಕಿರುವ ಸ್ಥಾನ ಬೋಧಗಯೆಯ ನೆನಪಿನಷ್ಟೇ ಈ ಜೀವಂತ ವಿದ್ಯಾಕೇಂದ್ರಗಳ ಮೇಲೂ ನಿಂತಿದೆ.

ಅಫ್ಘಾನಿಸ್ತಾನದಲ್ಲಿ 2001ರ ನಂತರದ ಎರಡು ದಶಕಗಳಲ್ಲಿ ಭಾರತ 300 ಕೋಟಿ ಡಾಲರ್‌ಗೂ ಹೆಚ್ಚಿನ ನೆರವನ್ನು ನೀಡಿತು. ಜರಂಜ್‌ನಿಂದ ದೆಲಾರಾಮ್‌ವರೆಗಿನ 218 ಕಿಲೋಮೀಟರ್ ರಸ್ತೆ, 2015ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಕಾಬೂಲಿನ ಸಂಸತ್ ಭವನ, 2016ರಲ್ಲಿ ಪೂರ್ಣಗೊಂಡ ಹೆರಾತ್ ಪ್ರಾಂತದ ಸಲ್ಮಾ ಅಣೆಕಟ್ಟು, ಕಾಬೂಲಿನ ಮಕ್ಕಳ ಆಸ್ಪತ್ರೆ ಇವು ಅದರ ಗುರುತುಗಳು. ಸೈನಿಕರನ್ನು ಕಳಿಸದೆ ಕಟ್ಟಡಗಳನ್ನೂ ವಿದ್ಯಾರ್ಥಿವೇತನಗಳನ್ನೂ ಕಳಿಸಿದ ದೇಶವೆಂಬ ಮೆಚ್ಚುಗೆ ಅಲ್ಲಿನ ಸಾಮಾನ್ಯ ಜನರಲ್ಲಿತ್ತು. ಭಾರತದ ಮೈದಾನಗಳಲ್ಲಿ ಅಭ್ಯಾಸ ಮಾಡುತ್ತಿದ್ದ ಅಫ್ಘನ್ ಕ್ರಿಕೆಟ್ ತಂಡ ತನ್ನ ಚರಿತ್ರೆಯ ಮೊದಲ ಟೆಸ್ಟ್ ಪಂದ್ಯವನ್ನು 2018ರ ಜೂನ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿ, ಎರಡೇ ದಿನಗಳಲ್ಲಿ ಸೋತಿತು; ಗೆದ್ದ ಭಾರತ ತಂಡ ಟ್ರೋಫಿಯ ಜೊತೆಗಿನ ಛಾಯಾಚಿತ್ರಕ್ಕೆ ಎದುರಾಳಿಗಳನ್ನೂ ಕರೆದು ನಿಲ್ಲಿಸಿಕೊಂಡಿತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ ಭಾರತ ರಾಯಭಾರ ಕಚೇರಿಯನ್ನು ಖಾಲಿ ಮಾಡಬೇಕಾಯಿತು, ಮತ್ತು ಇಲ್ಲಿ ಓದಲು ಮರಳಬೇಕಿದ್ದ ಬಹುಮಂದಿ ಅಫ್ಘನ್ ವಿದ್ಯಾರ್ಥಿಗಳ ವೀಸಾಗಳು ಅಮಾನ್ಯವಾದವು. ಭದ್ರತೆಯ ಕಾರಣ ಇದ್ದಿರಬಹುದು; ಆದರೂ ಇಪ್ಪತ್ತು ವರ್ಷ ಕಟ್ಟಿದ ವಿಶ್ವಾಸಕ್ಕೆ ಆ ನಿರ್ಧಾರದಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ನೇಪಾಳದ ಕತೆ ಇನ್ನೂ ಬೇಗನೆ ತಿರುಗಿತು. 2015ರ ಏಪ್ರಿಲ್ 25ರ ಭೂಕಂಪವಾದ ಕೆಲವೇ ಗಂಟೆಗಳಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಕಠ್ಮಂಡುವಿನಲ್ಲಿ ಇಳಿದಿದ್ದವು. ಅದೇ ಸೆಪ್ಟೆಂಬರ್‌ನಲ್ಲಿ ನೇಪಾಳ ಹೊಸ ಸಂವಿಧಾನ ಜಾರಿಗೆ ತಂದ ಬಳಿಕ ಗಡಿಯಲ್ಲಿ ಸರಕು ಸಾಗಣೆ ನಿಂತು, ಇಂಧನ ಮತ್ತು ಔಷಧಗಳಿಗೆ ತಿಂಗಳುಗಟ್ಟಲೆ ಬರ ಬಂತು. ಆ ಸಂವಿಧಾನವನ್ನು ವಿರೋಧಿಸಿ ಗಡಿಯಲ್ಲಿ ಕುಳಿತಿದ್ದ, ನೇಪಾಳದ ಮಾಧೇಶಿ ಸಮುದಾಯದ ಪ್ರತಿಭಟನಕಾರರೇ ಕಾರಣವೆಂದು ಭಾರತ ಹೇಳಿತಾದರೂ ನೇಪಾಳದ ಜನ ಅದನ್ನು ಭಾರತದ ದಿಗ್ಬಂಧನವೆಂದೇ ಕಂಡರು. ಭೂಕಂಪದ ನೆರವಿನಿಂದ ಹುಟ್ಟಿದ ಕೃತಜ್ಞತೆ ಒಂದು ಚಳಿಗಾಲವನ್ನೂ ದಾಟಲಿಲ್ಲ. 2021ರ ಜನವರಿಯಿಂದ ಭೂತಾನ್ ಮತ್ತು ಮಾಲ್ದೀವ್ಸ್‌ನಿಂದ ಮೊದಲ್ಗೊಂಡು ಅನೇಕ ದೇಶಗಳಿಗೆ ಕೋವಿಡ್ ಲಸಿಕೆ ಕಳಿಸಿ ಗಳಿಸಿದ ಹೆಸರು ಕೂಡ, ಎರಡನೆಯ ಅಲೆಯಲ್ಲಿ ರಫ್ತು ನಿಂತು ಹಲವು ಬಡ ದೇಶಗಳು ಎರಡನೆಯ ಡೋಸಿಗಾಗಿ ಕಾಯುವಂತಾದಾಗ ಮಸುಕಾಯಿತು. ತನ್ನ ಜನರಿಗೇ ಲಸಿಕೆ ಸಾಲದಿದ್ದ ಕಾಲದಲ್ಲಿ ರಫ್ತು ನಿಲ್ಲಿಸಿದ್ದನ್ನು ತಪ್ಪೆನ್ನಲಾಗದು; ಪೂರೈಸಲಾರದ ಮಟ್ಟದ ಭರವಸೆಯನ್ನು ಮೊದಲೇ ಕೊಡದಿರಬಹುದಿತ್ತು.

ಮನೆಯೊಳಗಿನ ನಡವಳಿಕೆ

ವಿದೇಶಿ ವಿದ್ಯಾರ್ಥಿ ಒಂದು ದೇಶದ ಅತ್ಯಂತ ದೀರ್ಘಕಾಲದ ಸಾಕ್ಷಿ. ಅಫ್ಘಾನಿಸ್ತಾನದ ಅಧ್ಯಕ್ಷರಾದ ಹಮೀದ್ ಕರ್ಜಾಯಿ ಶಿಮ್ಲಾದಲ್ಲಿ, ನೇಪಾಳದ ಪ್ರಧಾನಿಯಾದ ಬಾಬುರಾಮ್ ಭಟ್ಟರಾಯ್ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಓದಿದವರು. ಇಷ್ಟಾದರೂ ಭಾರತದಲ್ಲಿ ಓದುವ ವಿದೇಶಿಯರ ಸಂಖ್ಯೆ 2022ರವರೆಗೂ 50,000ದ ಆಸುಪಾಸಿನಲ್ಲಿಯೇ ನಿಂತಿತ್ತು, ಹೊರಗೆ ಓದಲು ಹೋಗುವ ಭಾರತೀಯರಾದರೋ ಹತ್ತು ಲಕ್ಷಕ್ಕೂ ಹೆಚ್ಚು. ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಲೇಜುಗಳಿಗೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಯುವಕರು ಬಹಳ ಕಾಲದಿಂದ ಬರುತ್ತಿದ್ದಾರೆ, ಮತ್ತು ಅವರಲ್ಲಿ ಅನೇಕರು ಬಾಡಿಗೆಗೆ ಮನೆ ಸಿಗದಿರುವುದು, ರಸ್ತೆಯಲ್ಲಿ ಬಣ್ಣದ ಕಾರಣಕ್ಕೆ ಹೀಯಾಳಿಕೆ ಕೇಳಬೇಕಾಗುವುದು ಇವನ್ನು ಅನುಭವಿಸಿದ್ದಾರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ವ್ಯಕ್ತಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಸತ್ತಾಗ, ಆಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ತಾಂಜಾನಿಯದ ಹೈಕಮಿಷನರ್ ನಗರಕ್ಕೆ ಬಂದು ವಿಚಾರಿಸಬೇಕಾಯಿತು. ಮರುವರ್ಷ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯದ ವಿದ್ಯಾರ್ಥಿಗಳ ಮೇಲೆ ದಾಳಿಗಳಾದಾಗ ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಖಂಡಿಸಿದರು. ವರ್ಣಭೇದದ ವಿರುದ್ಧ 1946ರಲ್ಲಿ ಎದ್ದು ನಿಂತ ದೇಶಕ್ಕೆ ಇದು ನಾಚಿಕೆಯ ಸಂಗತಿ. ಜಾತಿ ದೌರ್ಜನ್ಯ, ಕೋಮುಹಿಂಸೆ, ಪತ್ರಕರ್ತರ ಮೇಲಿನ ಒತ್ತಡಗಳ ವರದಿಗಳು ಕೂಡ ಹೊರಗಿನವರ ಕಣ್ಣಿಗೆ ಅಷ್ಟೇ ಸುಲಭವಾಗಿ ಬೀಳುತ್ತವೆ.

ಸಂಸ್ಥೆಗಳ ಬಡತನವೂ ಹಳೆಯ ದೂರು. ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿಗಳ ಸಂಖ್ಯೆ ದೇಶದ ಗಾತ್ರಕ್ಕೆ ಹೋಲಿಸಿದರೆ ತೀರ ಸಣ್ಣದು. ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯು 2022ರಲ್ಲಿ ಮೃದುಶಕ್ತಿಯನ್ನೇ ವಿಷಯವಾಗಿಟ್ಟುಕೊಂಡು ಸಲ್ಲಿಸಿದ ವರದಿಯಲ್ಲಿ ಹಣದ ಕೊರತೆ ಮತ್ತು ಇಲಾಖೆಗಳ ನಡುವಣ ಹೊಂದಾಣಿಕೆಯ ಕೊರತೆಗಳನ್ನು ಎತ್ತಿ ತೋರಿಸಿದೆ. ಸಾಹಿತ್ಯದ ಅನುವಾದದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಕೊರಿಯಾದ ಸರ್ಕಾರಿ ಅನುವಾದ ಸಂಸ್ಥೆ ವಿದೇಶಿ ಅನುವಾದಕರನ್ನು ತರಬೇತುಗೊಳಿಸಿ, ಪ್ರಕಾಶಕರಿಗೆ ನೆರವು ನೀಡಿ, ಎರಡು ದಶಕ ಕಾದು ಫಲ ಕಂಡಿತು. ಬಾನು ಮುಷ್ತಾಕ್ ಅವರ ಕನ್ನಡ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದುದರ ಹಿಂದೆ ಇಂಥ ಯಾವ ಸರ್ಕಾರಿ ವ್ಯವಸ್ಥೆಯೂ ಇರಲಿಲ್ಲ. ಲೇಖಕಿಯ ಹಲವು ದಶಕಗಳ ಬರವಣಿಗೆ, ಅನುವಾದಕಿಯ ಶ್ರಮ, ಒಂದು ಸಣ್ಣ ಬ್ರಿಟಿಷ್ ಪ್ರಕಾಶನ ಇವು ಸೇರಿ ಕನ್ನಡವನ್ನು ಅಲ್ಲಿಗೆ ಮುಟ್ಟಿಸಿದವು. ಮುಸ್ಲಿಂ ಮಹಿಳೆಯರ ಬದುಕಿನ ಕಟುಸತ್ಯಗಳನ್ನು ಬಂಡಾಯದ ದನಿಯಲ್ಲಿ ಹೇಳುವ ಆ ಕತೆಗಳು ದೇಶದ ಗುಣಗಾನವನ್ನು ಮಾಡುವುದಿಲ್ಲ, ಆದರೂ ಭಾರತದಲ್ಲಿ ಇಂಥ ದನಿಗೆ ಜಾಗವಿದೆಯೆಂಬುದನ್ನು ಹೊರಗಿನ ಓದುಗರಿಗೆ ತಿಳಿಸಿದವು. ಕನ್ನಡದಲ್ಲಿಯೂ ಇತರ ಭಾರತೀಯ ಭಾಷೆಗಳಲ್ಲಿಯೂ ಅನುವಾದಕ್ಕೆ ಕಾದಿರುವ ಬರವಣಿಗೆ ಅಪಾರವಾಗಿದ್ದು, ಅದಕ್ಕೆ ಬೇಕಾಗುವ ಹಣ ಒಂದು ದೊಡ್ಡ ಸಾಂಸ್ಕೃತಿಕ ಉತ್ಸವದ ವೆಚ್ಚಕ್ಕಿಂತ ಹೆಚ್ಚಿನದೇನಲ್ಲ.